ಬೀರು ತೆಗೆದ್ರೆ ಓಡೋ ಬೆಳ್ಳಿ ಹುಳು: ಮಳೆಗಾಲದಲ್ಲಿ ಕಾಗದಪತ್ರ, ಸೀರೆ, ಅಂಗಡಿ ಮಾಲು ಉಳಿಸಿಕೊಳ್ಳೋದು ಹೇಗೆ?

ಆಷಾಢದ ಮಳೆ ಹಿಡಿದು ಎರಡು ವಾರ ಆಯ್ತು ಅಂದ್ರೆ ಮಲೆನಾಡಿನ ಮನೆಗಳಲ್ಲಿ ಉಪ್ಪು ನೀರಾಗುತ್ತೆ, ಬೆಂಕಿಪೊಟ್ಟಣ ಹೊತ್ತಲ್ಲ, ಬಾಗಿಲು ಊದಿಕೊಂಡು ಚಿಲಕ ಕೂರಲ್ಲ. ಅದೇ ಹೊತ್ತಿಗೆ ಬೀರುವಿನಿಂದ ಹಳೇ ಫೈಲ್ ಒಂದನ್ನ ಎಳೆದರೆ, ಬೂದು ಬೆಳ್ಳಿ ಬಣ್ಣದ ಹುಳು ಒಂದು ಮೀನಿನ ಹಾಗೆ ಬಳುಕಿ ಸರ್ರಂತ ಓಡಿ ಮರೆಯಾಗುತ್ತೆ. ಇದೇ ಸಿಲ್ವರ್ ಫಿಶ್. ನಮ್ಮ ಕಡೆ ಬೆಳ್ಳಿ ಹುಳು, ಪುಸ್ತಕದ ಹುಳು ಅಂತ ಕರೆಯೋದೂ ಇದೆ.

ಒಂದು ಹುಳ ಕಂಡರೆ ಚಪ್ಪಲಿಯಲ್ಲಿ ಹೊಡೆದು ಸುಮ್ಮನಾಗ್ತೀವಿ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳ ಟ್ರಂಕಿನಲ್ಲಿ ಇರೋದು ಬರೀ ಕಾಗದ ಅಲ್ಲ. ಅಜ್ಜನ ಕಾಲದ ಗೇಣಿ ಚೀಟಿ, ಕಂದಾಯ ಕಟ್ಟಿದ ರಸೀದಿ, ಮನೆಯೊಳಗೇ ಬರೆದುಕೊಂಡ ಪಾಲುಪಟ್ಟಿ, ಬಗರ್‌ಹುಕುಂ ಅರ್ಜಿಯ ಸ್ವೀಕೃತಿ ಎಲ್ಲ ಅಲ್ಲೇ ಇರುತ್ತೆ. ಇವುಗಳಲ್ಲಿ ಕೆಲವಕ್ಕೆ ಎರಡನೇ ಪ್ರತಿಯೇ ಇಲ್ಲ. ಹಾಗಾಗಿ ಈ ಹುಳುವಿನ ವಿಚಾರ ಸ್ವಲ್ಪ ವಿವರವಾಗೇ ತಿಳ್ಕೊಳ್ಳೋದು ಒಳ್ಳೇದು.

ಇದು ಯಾವ ಹುಳು, ಏನು ತಿನ್ನುತ್ತೆ?

ರೆಕ್ಕೆ ಇಲ್ಲ. ಬೆಳೆದ ಹುಳು ಸುಮಾರು ಒಂದರಿಂದ ಎರಡು ಸೆಂಟಿಮೀಟರ್ ಉದ್ದ. ತಲೆ ಕಡೆ ಎರಡು ಉದ್ದ ಮೀಸೆ, ಬಾಲದ ಕಡೆ ಮೂರು ಎಳೆ. ಮೈಮೇಲೆ ಸಣ್ಣ ಹುರುಪೆ ಇರುತ್ತೆ, ಬೆರಳಲ್ಲಿ ಒತ್ತಿದ್ರೆ ಬೆಳ್ಳಿಪುಡಿ ಅಂಟಿಕೊಳ್ಳುತ್ತೆ. ಹಗಲಲ್ಲಿ ಸಂದುಗೊಂದಿನಲ್ಲಿ ಅಡಗಿರುತ್ತೆ, ರಾತ್ರಿ ಓಡಾಡುತ್ತೆ. ಕಚ್ಚಲ್ಲ, ಕಾಯಿಲೆ ಹರಡಲ್ಲ. ಅದರ ಪೊರೆ, ಹುರುಪೆಯ ಧೂಳು ಕೆಲವರಿಗೆ ಅಲರ್ಜಿ ಆಗಬಹುದು, ಅಷ್ಟೇ.

ತಿನ್ನೋದು ಮುಖ್ಯವಾಗಿ ಗಂಜಿ ಅಂಶ ಮತ್ತು ಸಕ್ಕರೆ ಅಂಶ. ಪುಸ್ತಕದ ಬೆನ್ನಿಗೆ ಹಾಕಿದ ಅಂಟು, ಲಕೋಟೆಯ ಗೋಂದು, ಕಾಗದಕ್ಕೆ ನಯ ಕೊಡಲು ಬಳಿದ ಪಿಷ್ಟ, ಗಂಜಿ ಹಾಕಿದ ಹತ್ತಿ ಬಟ್ಟೆ, ಬಿದ್ದ ಹಿಟ್ಟು, ಸತ್ತ ಕೀಟ, ಗೋಡೆ ಮೇಲಿನ ಬೂಷ್ಟು ಎಲ್ಲ ನಡೆಯುತ್ತೆ. ಬರೀ ಕಾಗದವನ್ನೂ ಜೀರ್ಣ ಮಾಡಿಕೊಳ್ಳುವ ಶಕ್ತಿ ಇದಕ್ಕಿದೆ. ನೀರಿನ ಪಸೆ ಸಿಕ್ಕರೆ ತಿಂಗಳುಗಟ್ಟಲೆ ಉಪವಾಸ ಇದ್ದು ಬದುಕುತ್ತೆ. ಆದ್ದರಿಂದ "ಮನೆ ಕ್ಲೀನಾಗಿದೆ, ನಮ್ಮಲ್ಲಿ ಹುಳು ಬರಲ್ಲ" ಅನ್ನೋ ಮಾತು ಇಲ್ಲಿ ನಡೆಯಲ್ಲ. ಕಸಕ್ಕಿಂತ ತೇವ ಮುಖ್ಯ. ಗಾಳಿಯ ತೇವಾಂಶ ಶೇ. 75ರಿಂದ 95ರ ನಡುವೆ ಇದ್ದರೆ ಇದಕ್ಕೆ ಹಬ್ಬ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳೊಳಗೆ ಇರೋದು ಹೆಚ್ಚುಕಮ್ಮಿ ಅಷ್ಟೇ.

ಇನ್ನೊಂದು ವಿಷಯ ಗೊತ್ತಿರಲಿ. ಸೊಳ್ಳೆ, ನೊಣದ ಹಾಗೆ ವಾರಗಳಲ್ಲಿ ಸಾಯೋ ಹುಳು ಅಲ್ಲ ಇದು. ಅನುಕೂಲ ಸಿಕ್ಕರೆ ಎರಡು ಮೂರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುತ್ತೆ, ಬೆಳೆದ ಮೇಲೂ ಪೊರೆ ಬಿಡ್ತಾನೇ ಇರುತ್ತೆ. ಮೊಟ್ಟೆ ಇಡೋದು ಕಮ್ಮಿ, ಆದರೆ ಕೈ ಹೋಗದ ಸಂದಿನಲ್ಲಿ ಇಡುತ್ತೆ. ಸ್ಪ್ರೇ ಹೊಡೆದ ತಿಂಗಳಿಗೆ ಮತ್ತೆ ಯಾಕೆ ಬಂತು ಅಂದ್ರೆ ಇದೇ ಕಾರಣ.

ಗೆದ್ದಲಿಗೂ ಇದಕ್ಕೂ ವ್ಯತ್ಯಾಸ

ತಪ್ಪು ಹುಳುವಿಗೆ ತಪ್ಪು ಔಷಧಿ ಹಾಕಿ ದುಡ್ಡು ಕಳ್ಕೊಳ್ಳೋರು ಬಹಳ ಜನ. ಗೋಡೆ ಮೇಲೆ, ಬೀರು ಹಿಂದೆ ಮಣ್ಣಿನ ಗೆರೆ ಕಂಡರೆ ಅದು ಗೆದ್ದಲು. ಅದಕ್ಕೆ ನೆಲದಿಂದಲೇ ಚಿಕಿತ್ಸೆ ಬೇಕು, ತಡ ಮಾಡಬಾರದು. ಪುಸ್ತಕದಲ್ಲಿ ಸೂಜಿ ಚುಚ್ಚಿದಂತೆ ದುಂಡನೆ ತೂತು ಪುಟದಿಂದ ಪುಟಕ್ಕೆ ದಾಟಿದ್ದರೆ ಅದು ಕೊರಕ ಜೀರುಂಡೆಯ ಮರಿ. ಉಣ್ಣೆ ಶಾಲು, ರೇಷ್ಮೆ ಸೀರೆಯಲ್ಲಿ ನೂಲಿನ ಗೂಡು ಕಟ್ಟಿಕೊಂಡು ತೂತು ಮಾಡಿದ್ದರೆ ಬಟ್ಟೆ ನುಸಿ.

ಬೆಳ್ಳಿ ಹುಳು ಕೊರೆಯಲ್ಲ, ಕೆರೆಯುತ್ತೆ. ಕಾಗದದ ಮೇಲ್ಪದರವನ್ನ ಅಂಕುಡೊಂಕಾಗಿ ಮೇಯ್ದು ಬಿಡುತ್ತೆ. ಆ ಜಾಗ ತೆಳ್ಳಗಾಗಿ ಬೆಳಕಿಗೆ ಹಿಡಿದರೆ ಆಚೆ ಕಾಣುತ್ತೆ, ಆಮೇಲೆ ಅಂಚು ಹರಿದ ತೂತಾಗುತ್ತೆ. ಪಕ್ಕದಲ್ಲಿ ಕರಿಮೆಣಸಿನ ಪುಡಿಯಂಥ ಹಿಕ್ಕೆ, ಹಳದಿ ಕಲೆ ಇರುತ್ತೆ. ಕಾಗದಪತ್ರದ ಮಟ್ಟಿಗೆ ಈ ಮೇಯುವ ಗುಣವೇ ಅಪಾಯ. ಸಹಿ, ಸೀಲು, ತಾರೀಖು ಇರೋದು ಮೇಲ್ಪದರದಲ್ಲೇ ತಾನೆ? ಹಾಳೆ ಇದೆ, ಹೆಸರಿಲ್ಲ ಅನ್ನೋ ಸ್ಥಿತಿ ಬರುತ್ತೆ. ಸ್ಟಾಂಪ್ ಅಂಟಿಸಿದ ಜಾಗ ಅಂತೂ ಗೋಂದಿನ ಆಸೆಗೆ ಬೇಗ ಹೋಗುತ್ತೆ.

ಹಳೇ ಮನೆಗಿಂತ ಹೊಸ ಮನೆಯಲ್ಲೇ ಹೆಚ್ಚು ಯಾಕೆ?

ಹಂಚಿನ ಮನೆಯಲ್ಲಿ ಗಾಳಿ ಎಲ್ಲಿಂದಾದರೂ ಆಡ್ತಿತ್ತು. ಸೌದೆ ಒಲೆ ದಿನವಿಡೀ ಉರಿಯುತ್ತಿತ್ತು. ಒಲೆ ಮೇಲಿನ ಅಟ್ಟದಲ್ಲಿ ಬೀಜದ ಜೋಳ, ಒಣಮೆಣಸು, ವಾಟೆಹುಳಿ ಜತೆಗೆ ಪಂಚಾಂಗದ ಕಟ್ಟು, ಲೆಕ್ಕದ ಪುಸ್ತಕವನ್ನೂ ಇಡ್ತಿದ್ದ ಮನೆಗಳಿದ್ದವು. ಮಸಿ ಹಿಡೀತಿತ್ತು ನಿಜ, ಆದರೆ ಬಿಸಿ ಮತ್ತು ಹೊಗೆಗೆ ತೇವ ನಿಲ್ತಿರಲಿಲ್ಲ. ಈಗ ಆರ್‌ಸಿಸಿ ಮನೆ, ಎರಚಲು ಬರುತ್ತೆ ಅಂತ ಕಿಟಕಿ ಭದ್ರ, ಗ್ಯಾಸ್ ಒಲೆ. ಗ್ಯಾಸ್ ಉರಿದಾಗ ನೀರಾವಿಯೇ ಹೊರಬರುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅದರ ಮೇಲೆ ಹಾಲ್‌ನಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸ್ತೀವಿ. ಒಂದು ದೊಡ್ಡ ಬಕೆಟ್ ಬಟ್ಟೆ ಒಣಗಿತು ಅಂದ್ರೆ ಒಂದೆರಡು ಲೀಟರ್ ನೀರು ಮನೆಯ ಗಾಳಿಗೆ ಸೇರಿತು ಅಂತ ಅರ್ಥ. ಅದು ಹೋಗಿ ಕೂರೋದು ಬೀರು ಹಿಂದಿನ ತಣ್ಣನೆ ಗೋಡೆ ಮೇಲೆ.

ಹಾಗಾದ್ರೆ ಏನ್ ಮಾಡೋದು? ಬೀರು, ಪುಸ್ತಕದ ಕಪಾಟನ್ನ ಹೊರಗೋಡೆಗೆ ಅಂಟಿಸಬೇಡಿ, ನಾಲ್ಕು ಇಂಚು ಸಂದು ಬಿಡಿ. ಬಚ್ಚಲಿಗೆ ಒತ್ತಿಕೊಂಡ ಗೋಡೆಯ ಹತ್ತಿರ ಕಾಗದ ಇಡಲೇಬೇಡಿ. ಬಟ್ಟೆ ಒಣಗಿಸೋಕೆ ಒಂದು ಕೋಣೆ ಗೊತ್ತು ಮಾಡಿ, ಅದರ ಬಾಗಿಲು ಹಾಕಿ ಫ್ಯಾನ್ ಹಾಕಿ, ಒಂದು ಕಿಟಕಿ ಮಾತ್ರ ಹೊರಗೆ ತೆಗೆದಿಡಿ. ಮಳೆ ಹೊಳವಾಗಿ ಮಧ್ಯಾಹ್ನ ಎರಡು ತಾಸು ಬಿಸಿಲು ಬಿದ್ದರೆ ಆಗ ಎಲ್ಲ ಕಿಟಕಿ, ಬೀರು ಬಾಗಿಲು ತೆಗೀರಿ. ರಾತ್ರಿ, ಬೆಳಗಿನ ಜಾವ ತೆಗೆದಿಟ್ಟರೆ ಒಳಗಿನ ತೇವ ಹೋಗೋ ಬದಲು ಹೊರಗಿನದೂ ಒಳಗೆ ಬರುತ್ತೆ. ಸೋರುವ ಪೈಪ್, ಒಡೆದ ಹಂಚು, ಸಿಂಕ್ ಕೆಳಗಿನ ತೊಟ್ಟಿಕ್ಕು ಇವೆಲ್ಲ ಮಳೆಗೆ ಮುಂಚೆಯೇ ಮುಗಿಸಿಕೊಳ್ಳಬೇಕಾದ ಕೆಲಸ.

ಇಷ್ಟು ಮಾಡಿದರೂ ಜುಲೈನಲ್ಲಿ ಇಡೀ ಮನೆ ಒಣಗಿಸ್ತೀನಿ ಅನ್ನೋದು ಆಗದ ಮಾತು. ತೇವ ಎಳೆಯುವ ಯಂತ್ರ ಬರುತ್ತೆ, ಆದರೆ ಬೆಲೆ, ಕರೆಂಟು ಎರಡೂ ಎಲ್ಲರ ಕೈಗೆಟುಕಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟೇ ಇರೋದು ಎಷ್ಟು ಹೊತ್ತು! ಮನೆಯನ್ನ ಬಿಡಿ, ಒಂದು ಡಬ್ಬವನ್ನ ಒಣಗಿಸಬಹುದು. ಯಾವುದು ಹೋದರೆ ಮತ್ತೆ ಸಿಗಲ್ಲವೋ ಅದು ಆ ಡಬ್ಬದೊಳಗೆ ಇರಬೇಕು.

ಡಬ್ಬದೊಳಗೆ ಏನು ಹೋಗಬೇಕು?

ಪಹಣಿ ಹಾಳಾದರೆ ಚಿಂತೆ ಇಲ್ಲ, ಭೂಮಿ ಆನ್‌ಲೈನ್‌ನಲ್ಲಿ, ನಾಡಕಚೇರಿಯಲ್ಲಿ ಮತ್ತೆ ತೆಗೀಬಹುದು. ನೋಂದಣಿ ಆದ ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತೆ. ಆದರೆ ನೋಂದಣಿ ಆಗದ ಪಾಲುಪಟ್ಟಿ, ಕೈಬರಹದ ಒಪ್ಪಂದ, ಹಳೇ ಕಂದಾಯ ರಸೀದಿ, ಗೇಣಿ ಚೀಟಿ ಎಲ್ಲಿ ಸಿಗುತ್ತೆ?

ಕಾಗೋಡು ಹೋರಾಟ ನಡೆದ ಜಿಲ್ಲೆ ನಮ್ಮದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣೆ ತಿದ್ದುಪಡಿಯಲ್ಲಿ ಭೂಮಿ ಪಡೆದ ಮನೆಗಳಲ್ಲಿ ನಮೂನೆ 7ರ ಅರ್ಜಿ, ಭೂ ನ್ಯಾಯಮಂಡಳಿ ಆದೇಶ, ನಮೂನೆ 10 ಈಗಲೂ ಇರುತ್ತೆ. ಕಾಗದಕ್ಕೆ ಸುಮಾರು 50 ವರ್ಷ ವಯಸ್ಸು. ಬಗರ್‌ಹುಕುಂನ ನಮೂನೆ 50, 53, 57ರ ಸ್ವೀಕೃತಿಗಳೂ ಹಾಗೇ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಇತರೆ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದದ್ದನ್ನ ತೋರಿಸಬೇಕು. ಅಂಥ ಅರ್ಜಿ ಹಾಕಿದವರ ಮನೆಯಲ್ಲಿ ಅಜ್ಜನ ಹೆಸರು, ಇಸವಿ ಇರುವ ಒಂದು ಹರಕು ಚೀಟಿಯೂ ದಾಖಲೆ. ಇದನ್ನ ಸುರುಳಿ ಸುತ್ತಿ ಜಂತಿಗೆ ಸಿಕ್ಕಿಸಿಡೋದು, ದೇವರ ಗೂಡಿನ ಹಿಂದೆ ಇಡೋದು ದಯವಿಟ್ಟು ಬೇಡ.

ಮೊದಲ ಕೆಲಸ, ಎಲ್ಲದರ ಎರಡೂ ಬದಿ ಸ್ಕ್ಯಾನ್ ಮಾಡಿಸಿ. ಮೊಬೈಲಲ್ಲಿ ತೆಗೆದರೂ ಆಯ್ತು, ಒಂದು ಪ್ರತಿ ಮನೆಯವರಲ್ಲದೆ ಹೊರಗಿರುವ ಮಕ್ಕಳ ಫೋನಿನಲ್ಲೂ ಇರಲಿ. ಮೂಲ ಪ್ರತಿಗೆ ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸೋಕೆ ಆಗಲ್ಲ, ಒಳಗೆ ತೇವ ಉಳಿದಿದ್ದರೆ ಅಲ್ಲೇ ಬೂಷ್ಟು ಹಿಡಿಯುತ್ತೆ.

ಡಬ್ಬ ಕಟ್ಟೋ ಕಾಲ ಫೆಬ್ರವರಿ, ಮಾರ್ಚ್. ಕಾಗದವನ್ನ ನೆರಳಲ್ಲಿ, ಗಾಳಿ ಆಡೋ ಕಡೆ ಒಂದೆರಡು ದಿನ ಹರಡಿ. ಸುಡು ಬಿಸಿಲಿಗೆ ಹಾಕಿದರೆ ಶಾಯಿ ಮಾಸುತ್ತೆ, ಕಾಗದ ಹಪ್ಪಳ ಆಗುತ್ತೆ. ಮೃದು ಬ್ರಷ್‌ನಿಂದ ಧೂಳು, ಹಿಕ್ಕೆ ತೆಗೀರಿ. ತುಕ್ಕು ಹಿಡಿದ ಪಿನ್ನು, ರಬ್ಬರ್ ಬ್ಯಾಂಡ್ ತೆಗೀರಿ. ಆಮೇಲೆ ರಬ್ಬರ್ ಅಂಚಿನ, ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ ಅಥವಾ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಮಡಿಕೆ ಬಿಡಿಸಿ ಇಡಿ. ಜತೆಗೆ ಕಾಲು ಕೆಜಿ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ ಹಾಕಿ. ಶೂ ಡಬ್ಬಿಯಲ್ಲಿ ಬರೋ ಒಂದು ಪುಟಾಣಿ ಪೊಟ್ಟಣ ಯಾವುದಕ್ಕೂ ಸಾಲಲ್ಲ. ಬಣ್ಣ ಬದಲಾಗುವ ಜೆಲ್ ತಂದರೆ ತೇವ ಹೀರಿದ್ದು ಕಣ್ಣಿಗೆ ಕಾಣುತ್ತೆ. ನೀಲಿ ಜೆಲ್‌ನ ಬಣ್ಣದಲ್ಲಿ ಕೋಬಾಲ್ಟ್ ಇರುತ್ತೆ, ಹಾಗಾಗಿ ಕಿತ್ತಳೆ ಬಣ್ಣದ್ದು ತಗೊಳ್ಳಿ. ಬಣ್ಣ ತಿರುಗಿದಾಗ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಕೆಗೆ ಬರುತ್ತೆ. ಪಕ್ಕದಲ್ಲಿ ಒಂದು ಚಿಕ್ಕ ತೇವಾಂಶ ಮೀಟರ್ ಇಟ್ಟರೆ ಇನ್ನೂ ಒಳ್ಳೇದು, ಕೆಲವು ನೂರು ರೂಪಾಯಿಗೆ ಸಿಗುತ್ತೆ. ಒಳಗೆ ಶೇ. 60ರ ಕೆಳಗೆ ಇದ್ದರೆ ಹುಳುವಿಗೂ ಬೂಷ್ಟಿಗೂ ಕಷ್ಟ.

ಸಿಲಿಕಾ ಜೆಲ್ ಬದಲು ಅಕ್ಕಿ ಗಂಟು ಇಡೋರಿದ್ದಾರೆ. ಅಕ್ಕಿ ತೇವ ಹೀರೋದು ಅಷ್ಟಕ್ಕಷ್ಟೇ, ಮೇಲಾಗಿ ಅದು ಹುಳುವಿಗೆ ಊಟ ಬಡಿಸಿದ ಹಾಗೆ.

ಬೇವಿನ ಎಲೆ, ಬಜೆ ಬೇರು ಇಡೋದು ನಮ್ಮ ಹಿರಿಯರ ಪದ್ಧತಿ. ತಾಳೆಗರಿ ಕಟ್ಟುಗಳಿಗೆ ಬಜೆ ಇಟ್ಟು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಕಾಪಾಡ್ತಿದ್ದರು. 1891ರಲ್ಲಿ ಶುರುವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಅಂದರೆ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿದ ಸಂಸ್ಥೆ, ತನ್ನ ಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರುತ್ತೆ. ಇದನ್ನ ಓದಿ ಮನೆಯ ಕಾಗದಕ್ಕೆ ಎಣ್ಣೆ ಹಚ್ಚಬೇಡಿ. ಗರಿಗೆ ಒಗ್ಗೋದು ಕಾಗದಕ್ಕೆ ಒಗ್ಗಲ್ಲ, ಕಲೆ ಹೋಗಲ್ಲ. ಬೇವು, ಬಜೆ ಇಡೋದಾದರೆ ಚೆನ್ನಾಗಿ ಒಣಗಿಸಿ ಇಡಿ. ಹಸಿ ಎಲೆ ಇಟ್ಟರೆ ನೀವೇ ತೇವ ತುಂಬಿದಂತೆ. ಇವು ಹುಳುವನ್ನ ಸ್ವಲ್ಪ ದೂರ ಇಡಬಹುದು, ಒಳಗಿರುವ ಹುಳುವನ್ನ ಕೊಲ್ಲುತ್ತೆ ಅಂತ ನಂಬಿ ಕೂರಬೇಡಿ.

ಸೀರೆ, ಪಂಚೆ, ಶಾಲು

ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಖಾದಿ ಜುಬ್ಬವನ್ನ ಹಾಗೇ ಮಳೆಗಾಲಕ್ಕೆ ಮಡಿಚಿಡಬಾರದು. ಒಗೆದು ಗಂಜಿ ಬಿಡಿಸಿ, ಬೆಚ್ಚಗೆ ಒಣಗಿಸಿ ಎತ್ತಿಡಿ, ಬೇಕಾದಾಗ ಗಂಜಿ ಹಾಕಿಕೊಂಡರಾಯ್ತು. ಒಂದು ಸಲ ಉಟ್ಟ ರೇಷ್ಮೆ ಸೀರೆಯನ್ನ ಬೆವರಿನ ಸಮೇತ ಒಳಗಿಡಬೇಡಿ. ಸೀರೆ ಬಾಕ್ಸಿನ ರಟ್ಟು ಬಿಸಾಕಿ, ತೊಳೆದ ಹಳೇ ಪಂಚೆಯಲ್ಲಿ ಸುತ್ತಿ.

ನುಸಿ ಗುಳಿಗೆ ತೆರೆದ ಕಪಾಟಿನಲ್ಲಿ ವಾಸನೆ ಕೊಡುತ್ತೆ, ಅಷ್ಟೇ. ಅದರ ಆವಿ ಗಟ್ಟಿಯಾಗಿ ತುಂಬಿಕೊಳ್ಳುವ ಮುಚ್ಚಿದ ಪೆಟ್ಟಿಗೆಯಲ್ಲಿ ಮಾತ್ರ ಕೆಲಸ ಮಾಡೋದು. ಎಳೆ ಮಕ್ಕಳ ಬಟ್ಟೆ, ಹೊದಿಕೆ ಜತೆ ಮಾತ್ರ ಬೇಡವೇ ಬೇಡ. ಜಿ6ಪಿಡಿ ಕೊರತೆ ಇರುವ ಮಗುವಿಗೆ ಆ ಆವಿಯಿಂದ ರಕ್ತಕಣ ಒಡೆದು ಅಪಾಯ ಆಗುತ್ತೆ. ಕೊರತೆ ಇದೆ ಅನ್ನೋದು ಎಷ್ಟೋ ಮನೆಯವರಿಗೆ ಗೊತ್ತಿರಲ್ಲ. ಬಾಣಂತಿ ಕೋಣೆಗೆ ಟ್ರಂಕಿನ ಬಟ್ಟೆ ಕೊಡೋ ಮುಂಚೆ ಒಗೆದು ಬಿಸಿಲಿಗೆ ಹಾಕಿ.

ಅಂಗಡಿಯವರಿಗೆ

ಬೆಳ್ಳಿ ಹುಳು ಊರಿಂದ ಊರಿಗೆ ಬರೋ ದಾರಿ ರಟ್ಟಿನ ಪೆಟ್ಟಿಗೆ. ರಟ್ಟಿನ ಪದರ ಅಂಟಿಸೋಕೆ ಬಳಸೋದು ಸಾಮಾನ್ಯವಾಗಿ ಪಿಷ್ಟದ ಅಂಟು, ಒಳಗಿನ ಸುಕ್ಕು ಅಡಗೋಕೆ ಹೇಳಿ ಮಾಡಿಸಿದ ಜಾಗ. ಊಟ, ವಸತಿ ಎರಡೂ ಒಂದೇ ಕಡೆ! ಸ್ಟೇಷನರಿ, ಜವಳಿ, ಪುಸ್ತಕದ ಅಂಗಡಿಯವರು ಮಾಲು ಬಂದ ದಿನವೇ ಪೆಟ್ಟಿಗೆ ಬಿಚ್ಚಿ, ಖಾಲಿ ರಟ್ಟನ್ನ ಗುಜರಿಗೆ ಕಳಿಸಿಬಿಡಿ. ಮುಂದಿನ ವರ್ಷಕ್ಕೆ ಬೇಕಾಗುತ್ತೆ ಅಂತ ಅಟ್ಟಕ್ಕೆ ಎಸೆದರೆ ಹುಳು ಸಾಕಿದಂತೆ. ನೆಲಕ್ಕೆ ಮಾಲು ತಾಗಬಾರದು, ಮರದ ಪಟ್ಟಿ ಮೇಲೆ ಇಡಿ, ಗೋಡೆಯಿಂದ ಅರ್ಧ ಅಡಿ ಬಿಡಿ. ಜೂನ್‌ನಲ್ಲಿ ಶಾಲೆ ಶುರುವಿಗೆ ತರಿಸಿ ಉಳಿದ ನೋಟ್‌ಬುಕ್ ಕಟ್ಟುಗಳು ಹಿಂದೆ ಬಿದ್ದು ಮರೆತುಹೋಗುತ್ತವೆ. ಹಳೇ ಮಾಲು ಮುಂದಕ್ಕೆ, ಹೊಸದು ಹಿಂದಕ್ಕೆ.

ಬಿಲ್ ಪುಸ್ತಕದ ವಿಚಾರ ಬೇರೆ. ಜಿಎಸ್‌ಟಿ ನೋಂದಣಿ ಇರುವವರು ಲೆಕ್ಕಪತ್ರವನ್ನ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳು ಕಾಪಾಡಬೇಕು. ಅಂದ್ರೆ ಆರು ಮಳೆಗಾಲ. ಕ್ಯಾಶ್ ಕೌಂಟರ್ ಕೆಳಗೆ ಗೋಣಿಚೀಲದಲ್ಲಿ ತುಂಬಿದ ಬಿಲ್ಲು ಆರು ಮಳೆಗಾಲ ತಾಳಲ್ಲ. ವರ್ಷಕ್ಕೊಂದು ಮುಚ್ಚಳದ ಡಬ್ಬ ಮಾಡಿ, ಮೇಲೆ ಇಸವಿ ಬರೆದಿಡಿ. ಥರ್ಮಲ್ ಕಾಗದದ ಬಿಲ್ಲಾದರೆ ಹುಳು ತಿನ್ನೋ ಮುಂಚೆ ಅಕ್ಷರವೇ ಮಾಸಿರುತ್ತೆ, ಅದಕ್ಕೆ ಜೆರಾಕ್ಸ್ ತೆಗೆಸಲೇಬೇಕು.

ಔಷಧಿ ಹಾಕೋ ಮುಂಚೆ

ಕೊನೆಗೆ ಎಲ್ಲರೂ ಕೇಳೋದು, ಏನ್ ಹೊಡೀಬೇಕು ಅಂತ. ಡಬ್ಬಿಯ ಸ್ಪ್ರೇ ಕಣ್ಣಿಗೆ ಬಿದ್ದ ಹುಳುವನ್ನ ಕೊಲ್ಲುತ್ತೆ, ಸಂದಿನಲ್ಲಿರೋದು ಹಾಗೇ ಉಳಿಯುತ್ತೆ. ಕಾಗದ, ಬಟ್ಟೆ, ದಿನಸಿ ಮೇಲೆ ಹೊಡೀಬಾರದು. ಬೋರಿಕ್ ಪುಡಿಯನ್ನ ಬೀರು ಹಿಂದೆ, ಒಣ ಸಂದಿನಲ್ಲಿ ತೆಳ್ಳಗೆ ಉದುರಿಸಬಹುದು. ಮಕ್ಕಳು, ನಾಯಿ, ಬೆಕ್ಕು ಓಡಾಡೋ ಕಡೆ ಬೇಡ, ಅಡುಗೆಮನೆಯಲ್ಲಿ ಬೇಡ. ನೋಡೋಕೆ ಮೈದಾ ಥರ ಇರುತ್ತೆ ಅನ್ನೋದು ನೆನಪಿರಲಿ. ಸೀಮೆಸುಣ್ಣದಂಥ ಕೀಟನಾಶಕವೂ ಹಾಗೇ, ಮಕ್ಕಳು ಸ್ಲೇಟಿಗೆ ಅಂತ ಕೈಗೆತ್ತಿಕೊಳ್ತಾರೆ. ಲೇಬಲ್ ಮೇಲೆ ನೋಂದಣಿ ಸಂಖ್ಯೆ, ಬಣ್ಣದ ತ್ರಿಕೋನ ಗುರುತು ಇಲ್ಲದ್ದನ್ನ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ.

ದಿನಸಿ ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನ ಮನೆ ಬೀರುವಿಗೆ ಹಾಕೋ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಡಿ. ಗಾಳಿಯ ತೇವ ತಗುಲಿದರೆ ಅದರಿಂದ ಫಾಸ್ಫೀನ್ ಅನ್ನೋ ವಿಷಾನಿಲ ಬರುತ್ತೆ. ಕಿಟಕಿ ಮುಚ್ಚಿದ ಮಳೆಗಾಲದ ಮನೆಯಲ್ಲಿ ಮಲಗಿದವರು ಏಳದೇ ಇರಬಹುದು. ಪಕ್ಕದ ಕೋಣೆಯಲ್ಲಿ ಹಾಕಿದರೂ, ಕೆಳಗಿನ ಅಂಗಡಿಯಲ್ಲಿ ಹಾಕಿ ಮೇಲೆ ಮಲಗಿದರೂ ಅಪಾಯವೇ.

ವಿಷ ಇಲ್ಲದ ಒಂದು ಉಪಾಯ ಇದೆ. ಈ ಹುಳು ನುಣ್ಣನೆ ಗಾಜು ಹತ್ತಲಾರದು. ಹಳೇ ಗಾಜಿನ ಬಾಟ್ಲಿ ತಗೊಂಡು ಹೊರಗಡೆ ಮಾತ್ರ ಕಾಗದದ ಮಾಸ್ಕಿಂಗ್ ಟೇಪ್ ಸುತ್ತಿ, ಒಳಗೆ ಒಂದು ಚಮಚ ಗೋಧಿ ಹಿಟ್ಟು ಹಾಕಿ ರಾತ್ರಿ ಬೀರು ಪಕ್ಕ ಇಡಿ. ಟೇಪ್ ಹಿಡಿದು ಹತ್ತಿ ಒಳಗೆ ಬೀಳುತ್ತೆ, ಮೇಲೆ ಬರೋಕೆ ಆಗಲ್ಲ. ಬೆಳಿಗ್ಗೆ ಸೋಪಿನ ನೀರಿಗೆ ಸುರಿದರಾಯ್ತು. ಇದರಿಂದ ಹುಳು ಪೂರ್ತಿ ಹೋಗಲ್ಲ, ಆದರೆ ಯಾವ ಕೋಣೆಯಲ್ಲಿ ಹೆಚ್ಚಿದೆ ಅಂತ ಲೆಕ್ಕ ಸಿಗುತ್ತೆ. ನಾಲ್ಕು ಕೋಣೆಗೆ ನಾಲ್ಕು ಬಾಟ್ಲಿ ಇಟ್ಟು ವಾರ ನೋಡಿ. ಒಂದೇ ಬಾಟ್ಲಿಗೆ ದಿನಾ ಬೀಳ್ತಿದ್ದರೆ ಆ ಗೋಡೆಯಲ್ಲಿ ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕಿ. ಹಲ್ಲಿ, ಜೇಡವನ್ನ ಓಡಿಸಬೇಡಿ, ಅವೂ ಈ ಹುಳು ತಿನ್ನುತ್ತವೆ.

ಈಗಾಗಲೇ ಹುಳು ಹಿಡಿದ ಪುಸ್ತಕ ಇದ್ದರೆ ಐಸ್‌ಕ್ರೀಂ ಅಂಗಡಿಯ ಡೀಪ್ ಫ್ರೀಜರ್ ಉಪಯೋಗಕ್ಕೆ ಬರುತ್ತೆ. ಒಣಗಿದ ಪುಸ್ತಕವನ್ನ ಎರಡು ಪದರ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಸೀಲ್ ಮಾಡಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಟ್ಟರೆ ಹುಳು, ಮೊಟ್ಟೆ ಎರಡೂ ಸಾಯುತ್ತೆ. ಮನೆ ಫ್ರಿಜ್ಜಿನ ಚಿಕ್ಕ ಐಸ್ ಖಾನೆ ಅಷ್ಟು ತಣ್ಣಗಿರಲ್ಲ, ಪದೇಪದೇ ಬಾಗಿಲು ತೆಗೀತೀವಿ. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಬೇಡಿ. ಒಂದು ದಿನ ಹಾಗೇ ಬಿಟ್ಟು, ಕವರ್ ಹೊರಗಿನ ನೀರ ಹನಿ ಪೂರ್ತಿ ಆರಿದ ಮೇಲೆ ಬಿಚ್ಚಿ, ನೇರ ಒಣ ಡಬ್ಬಕ್ಕೆ ಹಾಕಿ.